ಬಿಳಿಗೂಡು, ಇಂಡಾಫ್ ರಾಗಿ, ಕೆಆರ್‌ಎಚ್-2: ಹೊರದೇಶದ ಜೊತೆಗಿನ ಸಂಶೋಧನೆಯ ಹಣ ಮಂಡ್ಯಕ್ಕೆ ಬಂದಿದ್ದು ಹೇಗೆ, ಈಗ ಬರುವ ದಾರಿ ಯಾವುದು?

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೊರಟರೆ ಭತ್ತ, ಕಬ್ಬಿನ ನಡುವೆ ಅಲ್ಲಲ್ಲಿ ಹಿಪ್ಪುನೇರಳೆ ತೋಟ ಸಿಗುತ್ತೆ. ತೋಟದ ಪಕ್ಕದಲ್ಲೇ ಒಂದು ಹುಳು ಮನೆ. ಒಳಗೆ ಹೋಗಿ ನೋಡಿದರೆ ಹಳೇ ಕಾಲದ ಬಿದಿರು ತಟ್ಟೆ ಕಮ್ಮಿ. ಕೊಂಬೆ ಸಮೇತ ಸೊಪ್ಪು ಹಾಕಿ ಸ್ಟ್ಯಾಂಡಿನ ಮೇಲೆ ಹುಳು ಸಾಕುವ ಪದ್ಧತಿ ಬಂದು ಎಷ್ಟೋ ವರ್ಷ ಆಯ್ತು. ಈ ಮನೆಯ ಯಜಮಾನರನ್ನು 'ನಿಮ್ಮ ಬಿಳಿಗೂಡಿಗೂ ಜಪಾನಿಗೂ ಏನು ಸಂಬಂಧ' ಅಂತ ಕೇಳಿದರೆ ನಕ್ಕುಬಿಡಬಹುದು. ಆದರೆ ಸಂಬಂಧ ಇದೆ. ಅದು ಎರಡು ಸರ್ಕಾರಗಳು ದುಡ್ಡು ಹಾಕಿ, ಹದಿನಾರು ವರ್ಷ ತಾಳ್ಮೆಯಿಂದ ಕಟ್ಟಿದ ಸಂಬಂಧ.

'ಅಂತರರಾಷ್ಟ್ರೀಯ ಸಂಶೋಧನಾ ಸಹಯೋಗ' ಅಂದ ಕೂಡಲೇ ನಮಗೆ ನೆನಪಾಗೋದು ಬೆಂಗಳೂರಿನ ಐಐಎಸ್‌ಸಿ, ಸೂಟು ಹಾಕಿದವರ ಒಡಂಬಡಿಕೆ ಫೋಟೊ. ಈ ಹಣ ಎಲ್ಲಿಂದ ಬರುತ್ತೆ, ಹೇಗೆ ಹಂಚಿಕೆ ಆಗುತ್ತೆ, ಮಂಡ್ಯದಂಥ ಜಿಲ್ಲೆಯ ಹುಡುಗ-ಹುಡುಗಿಯರಿಗೆ ಯಾವ ಬಾಗಿಲು ತೆರೆದಿದೆ, ಯಾವುದು ಅರ್ಧ ಮುಚ್ಚಿದೆ ಅಂತ ಒಂದೇ ಕಡೆ ಕನ್ನಡದಲ್ಲಿ ಓದಲು ಸಿಗೋದು ಕಷ್ಟ. ಈ ಬರಹ ಅದಕ್ಕೆ.

ಜಪಾನಿನ ಹದಿನಾರು ವರ್ಷ

ಮೊದಲು ರೇಷ್ಮೆ ಕತೆ ಮುಗಿಸೋಣ. ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೀನ್ ಹುಳು ತಂಪು ದೇಶದ್ದು. ಅದರ ನೂಲು ಉದ್ದ, ಗುಣಮಟ್ಟ ಮೇಲು. ಆದರೆ ನಮ್ಮ ಸೆಕೆಗೆ ಅದು ತಡೆಯಲ್ಲ ಅನ್ನುವ ಮಾತು ಬಹಳ ಕಾಲ ಇತ್ತು. ಹಾಗಾಗಿ ನಮ್ಮ ರೈತರು ಮೈಸೂರು ತಳಿ ಮತ್ತು ಮಿಶ್ರತಳಿಯ ಹಳದಿ ಗೂಡನ್ನೇ ನೆಚ್ಚಿಕೊಂಡಿದ್ದರು.

1991ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಜೊತೆಗಿನ ಯೋಜನೆ ಶುರುವಾಯಿತು. ಮೂರು ಹಂತ. 1997ರವರೆಗೆ ತಳಿ ಮತ್ತು ತಂತ್ರಜ್ಞಾನ ಕಟ್ಟುವುದು, 2002ರವರೆಗೆ ಅದನ್ನು ರೈತರ ಮನೆಯಲ್ಲಿ ಪರೀಕ್ಷಿಸಿ ಹರಡುವುದು, 2007ರವರೆಗೆ ವಿಸ್ತರಣಾ ವ್ಯವಸ್ಥೆಯನ್ನು ಗಟ್ಟಿ ಮಾಡುವುದು. ಜಪಾನಿನ ತಜ್ಞರು ಮೈಸೂರಿಗೆ ಬಂದರು, ಇಲ್ಲಿಯ ವಿಜ್ಞಾನಿಗಳು ತರಬೇತಿಗೆ ಜಪಾನಿಗೆ ಹೋದರು. ಆ ಅವಧಿಯಲ್ಲಿ ಬಂದದ್ದೇ ಸಿಎಸ್‌ಆರ್-2, ಸಿಎಸ್‌ಆರ್-4ರಂಥ ತಳಿಗಳು ಮತ್ತು ಅವುಗಳ ಹೈಬ್ರಿಡ್. ಅದೇ ಸಂಸ್ಥೆಯ ವಿ-1 ಹಿಪ್ಪುನೇರಳೆ ಕೂಡ 1990ರ ದಶಕದ್ದೇ. ಹುಳು ಮನೆಯನ್ನು ವಾಸದ ಮನೆಯಿಂದ ಬೇರೆ ಮಾಡಬೇಕು, ಸೋಂಕು ನಿವಾರಣೆ ಹೀಗೇ ಮಾಡಬೇಕು, ಚಾಕಿ ಹುಳು ಬೇರೆ ಕಡೆ ಸಾಕಿ ಕೊಡಬೇಕು ಅನ್ನುವ ಶಿಸ್ತು ಊರೂರಿಗೆ ಬಂದಿದ್ದರಲ್ಲಿ ಈ ಯೋಜನೆಯ ಪಾಲು ದೊಡ್ಡದು.

ಇಲ್ಲಿ ಗಮನಿಸಬೇಕಾದ್ದು ಹದಿನಾರು ವರ್ಷ ಅನ್ನುವ ಲೆಕ್ಕ. ಇವತ್ತು ಎರಡು ದೇಶಗಳ ಜಂಟಿ ಸಂಶೋಧನೆಗೆ ನಮ್ಮಲ್ಲಿ ಸಿಗುವ ಅವಧಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಒಂದು ರೇಷ್ಮೆ ತಳಿಯನ್ನೋ ಭತ್ತದ ತಳಿಯನ್ನೋ ಮೂರು ವರ್ಷದಲ್ಲಿ ತಯಾರು ಮಾಡಿ ರೈತನ ಕೈಗೆ ಕೊಡಿ ನೋಡೋಣ. ಆಗಲ್ಲ.

ವಿ.ಸಿ. ಫಾರ್ಮಿನ ಹೊರದೇಶದ ನೆಂಟರು

ಮಂಡ್ಯದ ಪಕ್ಕದ ವಿ.ಸಿ. ಫಾರ್ಮ್, ಅಂದರೆ ವಿಶ್ವೇಶ್ವರಯ್ಯ ನಾಲಾ ಬಯಲಿನ ಕೃಷಿ ಸಂಶೋಧನಾ ಕೇಂದ್ರ, ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಅತಿ ಮುಖ್ಯ ವಿಳಾಸ. ಇಲ್ಲಿನ ಕತೆ ಸ್ವಾತಂತ್ರ್ಯಕ್ಕೂ ಹಿಂದಿನದು. ಕೆನಡಾದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಅಡಿಕೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು ಅವರು. ಮುಂದೆ ಕೃಷಿ ನಿರ್ದೇಶಕರಾದರು. ನಾಲೆ ನೀರು ಬಂದ ಮೇಲೆ ಮಂಡ್ಯದಲ್ಲಿ ಕಬ್ಬು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆದದ್ದರಲ್ಲಿ ಅವರ ಒತ್ತಾಸೆ ಇತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ್ದೂ ಇದೇ ಬಗೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು, ಯೋಜನೆಯ ಹಿಂದಿದ್ದ ಎಂಜಿನಿಯರ್ ಕೆನಡಾ ಮೂಲದ ಲೋಟ್ಬಿನಿಯರ್. ಸಂಸ್ಥಾನವೇ ಸಂಬಳ ಕೊಟ್ಟು, ತನಗೆ ಬೇಕಾದ ಪರಿಣಿತಿಯನ್ನು ಹೊರಗಿಂದ ತರಿಸಿಕೊಂಡ ಕಾಲ ಅದು.

ಆಮೇಲಿನದು ರಾಗಿ. ರಾಗಿ ಹೂವು ಎಷ್ಟು ಚಿಕ್ಕದು ಅಂದರೆ ಎರಡು ತಳಿ ಸೇರಿಸುವುದೇ ಒಂದು ತಪಸ್ಸು. ತನ್ನ ಪರಾಗ ತಾನೇ ಹಿಡಿದುಕೊಳ್ಳುವ ಬೆಳೆ ಬೇರೆ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇದೇ ಫಾರ್ಮಿನಲ್ಲಿ ಕೂತು ಆಫ್ರಿಕಾದ ರಾಗಿ ತಳಿಗಳನ್ನು ನಮ್ಮವುಗಳ ಜೊತೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್': ಹೀಗೆ ಇಂಡಾಫ್. ನಮ್ಮಜ್ಜಿ 'ಇಂಡಾಪು ರಾಗಿ' ಅನ್ನೋದನ್ನು ಕೇಳಿ, ಅದೇನೋ ಇಂಗ್ಲಿಷ್ ಗೊಬ್ಬರದ ಹೆಸರಿರಬೇಕು ಅಂತ ನಾನು ಬಹಳ ವರ್ಷ ತಿಳ್ಕೊಂಡಿದ್ದೆ. ಹೊರದೇಶದಿಂದ ಬಂದಿದ್ದು ಕೋಟಿ ರೂಪಾಯಿ ಅಲ್ಲ, ಒಂದಷ್ಟು ಬೀಜ. ಅದನ್ನು ಬಳಸಿಕೊಳ್ಳುವ ಮನುಷ್ಯ, ಅವರಿಗೆ ಸರ್ಕಾರ ಕೊಟ್ಟ ಸಂಬಳ, ಜಮೀನು ಇಲ್ಲಿತ್ತು.

ಮೂರನೆಯದು ಹೈಬ್ರಿಡ್ ಭತ್ತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಸಹಯೋಗ ಅಂದರೆ ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಭತ್ತ ಕೂಡ ಸ್ವಪರಾಗದ ಬೆಳೆ. ಹೈಬ್ರಿಡ್ ಬೀಜ ರಾಶಿಗಟ್ಟಲೆ ಬೇಕಾದರೆ ಗಂಡು ಬಂಜೆತನ ಇರುವ ಒಂದು ತಾಯಿ ಸಾಲು ಬೇಕು, ಆ ಸಾಲನ್ನು ಉಳಿಸಿಕೊಂಡು ಹೋಗಲು ಇನ್ನೊಂದು ಸಾಲು ಬೇಕು, ಹುಟ್ಟುವ ಪೈರಿನಲ್ಲಿ ಮತ್ತೆ ಕಾಳು ಕಟ್ಟುವ ಹಾಗೆ ಮಾಡುವ ತಂದೆ ಸಾಲು ಬೇಕು. ಈ ಬಂಜೆತನದ ಮೂಲ 1970ರಲ್ಲಿ ಚೀನಾದ ಹೈನಾನ್ ದ್ವೀಪದಲ್ಲಿ ಸಿಕ್ಕ ಕಾಡುಭತ್ತ. ಅದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರ್ರಿಯ ತಳಿಗಳಿಗೆ ಸೇರಿತು. ಭಾರತದಲ್ಲಿ 1989ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹೈಬ್ರಿಡ್ ಭತ್ತದ ಯೋಜನೆ ಶುರು ಮಾಡಿತು, 1991ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಸೇರಿತು. ಆ ಜಾಲದ ಕೇಂದ್ರಗಳಲ್ಲಿ ಮಂಡ್ಯವೂ ಒಂದು.

ಇರ್ರಿಯಲ್ಲೂ ಕೆಲಸ ಮಾಡಿದ್ದ ಡಾ. ಎಂ. ಮಹದೇವಪ್ಪ ಮತ್ತು ಅವರ ಸಂಗಡಿಗರ ದುಡಿಮೆಯಿಂದ ವಿ.ಸಿ. ಫಾರ್ಮ್ 1994ರಲ್ಲಿ ಕೆಆರ್‌ಎಚ್-1, 1996ರಲ್ಲಿ ಕೆಆರ್‌ಎಚ್-2 ಕೊಟ್ಟಿತು. ಕೆಆರ್‌ಎಚ್-2ರ ತಾಯಿ ಐಆರ್-58025ಎ, ಇರ್ರಿಯದು. ತಂದೆ ಕೆಎಂಆರ್-3, ಮಂಡ್ಯದ್ದೇ. ಅಂದರೆ ಫಿಲಿಪ್ಪೀನ್ಸಿನ ತಾಯಿ, ಮಂಡ್ಯದ ತಂದೆ, ಅದರ ಹಿಂದೆ ಚೀನಾದ ಒಂದು ಕಾಡುಭತ್ತ. ಕರ್ನಾಟಕ ದಾಟಿ ಬೇರೆ ರಾಜ್ಯಗಳಲ್ಲೂ ಇದನ್ನು ಬೆಳೆದರು. ಹೈಬ್ರಿಡ್ ಬೀಜ ಪ್ರತಿ ವರ್ಷ ಕೊಳ್ಳಬೇಕು, ಅನ್ನದ ರುಚಿ ಎಲ್ಲರಿಗೂ ಹಿಡಿಸಲಿಲ್ಲ ಅನ್ನುವ ತಕರಾರು ಇದ್ದದ್ದೇ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನೂರಾರು ನಾಟಿ ಭತ್ತ ಉಳಿಸಿಕೊಂಡಿರುವ ಸೈಯದ್ ಘನಿ ಖಾನ್ ಅವರ ದಾರಿ ಇದಕ್ಕೆ ಪೂರ್ತಿ ಬೇರೆ. ಆ ವಾದ ಇಲ್ಲಿ ಬೇಡ. ಆದರೆ ಇದನ್ನೂ ಮರೆಯಬಾರದು: ನಾಳೆಯ ಸಂಶೋಧನೆಗೆ ಬೇಕಾದ ವಂಶವಾಹಿ ಸಂಪತ್ತು ಕಿರುಗಾವಲಿನಲ್ಲೂ ಇದೆ, ಮನಿಲಾದ ಹತ್ತಿರವಷ್ಟೇ ಅಲ್ಲ.

ಇನ್ನೊಂದನ್ನು ಹೇಳಿ ಮುಂದೆ ಹೋಗ್ತೀನಿ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಮೆಕ್ಸಿಕೊ ಕಡೆಯ ಕೀಟ. ಪಪ್ಪಾಯಿ, ಮರಗೆಣಸು, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ. ಔಷಧಿ ಹೊಡೆದರೆ ಹುಳುವಿಗೆ ಸೊಪ್ಪು ಹಾಕುವಂತಿಲ್ಲ. 2010ರಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆ ಅಮೆರಿಕದ ಕೃಷಿ ಇಲಾಖೆಯ ಪೋರ್ಟೊ ರಿಕೊ ಪ್ರಯೋಗಾಲಯದಿಂದ ಮೂರು ಜಾತಿಯ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿ, ಸಾಕಿ, ಹಂಚಿತು. ಅವು ತಿಗಣೆಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುತ್ತವೆ. ತಿಗಣೆ ಹತೋಟಿಗೆ ಬಂತು. ಎರಡು ದೇಶದ ವಿಜ್ಞಾನಿಗಳಿಗೆ ಮೊದಲೇ ಒಡನಾಟ ಇದ್ದದ್ದರಿಂದ ಇದು ಇಷ್ಟು ಬೇಗ ಆಯ್ತು. ಕೀಟ ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಹೊರಟಿದ್ದರೆ ತೋಟ ಉಳೀತಿರಲಿಲ್ಲ.

ಈಗ ದುಡ್ಡು ಯಾರದ್ದು?

ಸಂಸ್ಥಾನದ ಕಾಲದಲ್ಲಿ ನಾವು ಸಂಬಳ ಕೊಟ್ಟು ತಜ್ಞರನ್ನು ತಂದೆವು. 1990ರ ದಶಕದವರೆಗೆ ಹೊರಗಿನವರ ನೆರವಿನ ಹಣ ಬಂತು. ಈಗ ನಡೀತಿರೋದು ಸಮಪಾಲಿನ ಕಾಲ: ನಮ್ಮದೂ ಅರ್ಧ, ಅವರದೂ ಅರ್ಧ. ಇದು ಹೆಮ್ಮೆಯ ವಿಷಯವೇ. ಆದರೆ ಸಮಪಾಲು ಹಾಕಬೇಕಾದರೆ ನಿಮ್ಮ ಹಿಂದೆ ಒಂದು ಗಟ್ಟಿ ಸಂಸ್ಥೆ ಇರಬೇಕು. ಸಣ್ಣ ಊರು ಹಿಂದೆ ಬೀಳೋದು ಇಲ್ಲೇ.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ದ್ವಿಪಕ್ಷೀಯ ಯೋಜನೆಗಳಲ್ಲಿ ಸಾಮಾನ್ಯ ಪದ್ಧತಿ ಹೀಗೆ: ಕಳಿಸುವ ದೇಶ ವಿಮಾನದ ಟಿಕೆಟ್ ಕೊಡುತ್ತೆ, ಕರೆಸಿಕೊಂಡ ದೇಶ ಊಟ-ವಸತಿ ನೋಡಿಕೊಳ್ಳುತ್ತೆ. ಕೆಲವು ದೇಶಗಳ ಜೊತೆ ಪ್ರತ್ಯೇಕ ಸಂಸ್ಥೆಗಳೇ ಇವೆ. ಫ್ರಾನ್ಸ್ ಜೊತೆಗಿನದು 1987ರದ್ದು, ಅಮೆರಿಕದ ಜೊತೆಗಿನದು 2000ದ್ದು, ಜರ್ಮನಿ ಜೊತೆಗಿನದು 2010ರದ್ದು. ಫ್ರೆಂಚ್ ಸಂಸ್ಥೆ 2013ರಿಂದ ಕೊಡುತ್ತಿರುವ ರಾಮನ್-ಶಾರ್ಪಾಕ್ ಫೆಲೋಶಿಪ್ಪಿನಲ್ಲಿ ಪಿಎಚ್‌ಡಿ ಮಾಡುತ್ತಿರುವವರು ಕೆಲವು ತಿಂಗಳು ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಅಮೆರಿಕದ ಫುಲ್‌ಬ್ರೈಟ್ 1950ರಿಂದ ಇದೆ. 2008ರ ಒಪ್ಪಂದದ ನಂತರ ಎರಡೂ ಸರ್ಕಾರ ಖರ್ಚು ಹಂಚಿಕೊಳ್ಳುತ್ತವೆ, ಹೆಸರೂ ಫುಲ್‌ಬ್ರೈಟ್-ನೆಹರೂ ಅಂತ ಆಯ್ತು. ಶಿಕ್ಷಣ ಸಚಿವಾಲಯದ ಸ್ಪಾರ್ಕ್ ಯೋಜನೆ 2018ರಲ್ಲಿ 418 ಕೋಟಿ ರೂಪಾಯಿಯಲ್ಲಿ, 600 ಜಂಟಿ ಸಂಶೋಧನೆಯ ಗುರಿಯಲ್ಲಿ ಶುರುವಾಯಿತು. ಅದಕ್ಕೆ ಅರ್ಜಿ ಹಾಕಲು ಸಂಸ್ಥೆ ರಾಷ್ಟ್ರೀಯ ರ‍್ಯಾಂಕಿಂಗಿನ ಮೊದಲ ನೂರರಲ್ಲಿರಬೇಕು, ಇಲ್ಲ ಅಂದ್ರೆ ಒಳ್ಳೆಯ ನ್ಯಾಕ್ ಅಂಕ ಇರಬೇಕು. ಕೃಷಿಯವರಿಗೆ ಪರಿಷತ್ತಿನ ನೇತಾಜಿ ಸುಭಾಷ್ ಅಂತರರಾಷ್ಟ್ರೀಯ ಫೆಲೋಶಿಪ್ ಉಂಟು, ಹೊರದೇಶದಲ್ಲಿ ಪಿಎಚ್‌ಡಿ ಮಾಡಲು. 2017ರಲ್ಲಿ ವಿಶ್ವಬ್ಯಾಂಕ್ ಜೊತೆ ಸೇರಿ ಮಾಡಿದ ರಾಷ್ಟ್ರೀಯ ಕೃಷಿ ಉನ್ನತ ಶಿಕ್ಷಣ ಯೋಜನೆಯಲ್ಲಿ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ತರಬೇತಿಗೆ ಹೊರಗೆ ಹೋಗಿ ಬಂದರು.

ಎಲ್ಲದರ ಮೇಲೆ ಈಗ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಕಾಯ್ದೆ 2023ರದ್ದು, ಹಳೆಯ ಎಸ್‌ಇಆರ್‌ಬಿ ಅದರೊಳಗೆ ಸೇರಿತು. ಐದು ವರ್ಷಕ್ಕೆ 50,000 ಕೋಟಿ ಅಂತ ಘೋಷಣೆ. ಸರ್ಕಾರದ ಬಜೆಟ್ಟಿನಿಂದ 14,000 ಕೋಟಿ, ಉಳಿದದ್ದು ಖಾಸಗಿ ಮತ್ತಿತರ ಮೂಲಗಳಿಂದ ಬರಬೇಕು ಅನ್ನೋ ಲೆಕ್ಕ. ದೇಶದ ಒಟ್ಟು ಸಂಶೋಧನಾ ವೆಚ್ಚ 2020-21ರಲ್ಲಿ ಜಿಡಿಪಿಯ 0.64% ಮಾತ್ರ ಇತ್ತು. ಖಾಸಗಿಯವರು ಇಷ್ಟು ವರ್ಷ ಕೊಡದ್ದನ್ನು ಈಗ ಕೊಡ್ತಾರೆ ಅನ್ನೋದನ್ನು ನಾನು ನಂಬಬೇಕಾದರೆ ಮೊದಲು ಕಣ್ಣಲ್ಲಿ ನೋಡಬೇಕು.

ಯುವಕರಿಗೆ ಏನಿದೆ?

ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಲು ಹೊರದೇಶಕ್ಕೆ ಹೋಗುವ ಯುವ ಸಂಶೋಧಕರಿಗೆ ಅಂತರರಾಷ್ಟ್ರೀಯ ಪ್ರಯಾಣ ನೆರವು ಇದೆ. ಎಕಾನಮಿ ಟಿಕೆಟ್, ನೋಂದಣಿ ಶುಲ್ಕ, ವೀಸಾ ಶುಲ್ಕ ಸಿಗುತ್ತೆ. ಆದರೆ ಮೊದಲು ನಿಮ್ಮ ಕೈಯಿಂದ ಖರ್ಚು, ಬಂದ ಮೇಲೆ ಬಿಲ್ಲು ಕೊಟ್ಟು ವಾಪಸ್. ಜೂನಿಯರ್ ಫೆಲೋ ಒಬ್ಬರಿಗೆ 2023ರ ಪರಿಷ್ಕರಣೆಯ ನಂತರ ತಿಂಗಳಿಗೆ 37,000 ರೂಪಾಯಿ. ಅದೂ ಸಮಯಕ್ಕೆ ಬಂದರೆ. ಅಪ್ಪ ಕಬ್ಬಿನ ಬಾಕಿ ಬಿಲ್ಲಿಗೆ ಕಾಯ್ತಿರುವ ಮನೆಯಲ್ಲಿ ಮಗಳು ಒಂದೂವರೆ ಲಕ್ಷದ ಟಿಕೆಟ್ ತಗೊಂಡು, ಆಮೇಲೆ ದೆಹಲಿಯಿಂದ ಬರುವ ಹಣಕ್ಕೆ ಕಾಯಬೇಕು ಅಂದ್ರೆ? ನಿಯಮದಲ್ಲಿ ಎಲ್ಲರಿಗೂ ಸಮಾನ ಅವಕಾಶ ಇದೆ. ಜೇಬಿನಲ್ಲಿ ಇಲ್ಲ.

ಬಡ ಮನೆಯವರಿಗಾಗಿಯೇ ಇರುವುದು ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. 1954-55ರಿಂದ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ಆದಾಯ 8 ಲಕ್ಷದೊಳಗೆ, ವಯಸ್ಸು 35ರೊಳಗೆ. ಇಡೀ ದೇಶಕ್ಕೆ ವರ್ಷಕ್ಕೆ 125 ಜಾಗ. ಅದರಲ್ಲಿ 115 ಪರಿಶಿಷ್ಟ ಜಾತಿಗೆ, ಭೂರಹಿತ ಕೂಲಿಕಾರರು ಮತ್ತು ಕುಶಲಕರ್ಮಿಗಳು ಇಬ್ಬರಿಗೂ ಸೇರಿ 4. ನಾಲ್ಕೇ. ಮಳವಳ್ಳಿ ತಾಲ್ಲೂಕು ಒಂದರಲ್ಲೇ ಎಷ್ಟು ಕೂಲಿ ಮನೆಗಳಿವೆ ಅಂತ ಯೋಚನೆ ಮಾಡಿ. 2025ರ ಜುಲೈನಲ್ಲಿ ಆಯ್ಕೆಯಾದ 106 ಮಂದಿಯಲ್ಲಿ 40 ಮಂದಿಗೆ ಮಾತ್ರ ತಾತ್ಕಾಲಿಕ ಪತ್ರ ಕೊಟ್ಟು, ಉಳಿದ 66 ಮಂದಿಗೆ ಹಣ ಲಭ್ಯವಾದರೆ ನೋಡುತ್ತೇವೆ ಅಂದದ್ದು ಸುದ್ದಿಯಾಗಿತ್ತು. ವಿದೇಶಿ ವಿಶ್ವವಿದ್ಯಾಲಯ ಸೀಟು ಕೊಟ್ಟಾಗಿದೆ, ತರಗತಿ ಸೆಪ್ಟೆಂಬರಿನಲ್ಲಿ ಶುರು, ಇಲ್ಲಿ 'ನೋಡುತ್ತೇವೆ'.

ರಾಜ್ಯದ ಮಟ್ಟದಲ್ಲಿ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಪರಿಶಿಷ್ಟ ಜಾತಿ-ಪಂಗಡದವರ ವಿದೇಶಿ ವ್ಯಾಸಂಗಕ್ಕೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲೂ ವಿದೇಶಿ ವ್ಯಾಸಂಗದ ನೆರವು ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ದೂರದರ್ಶಿತ್ವ ಸಮೂಹದಿಂದ ಯುವ ವಿಜ್ಞಾನಿಗಳಿಗೆ ಬೀಜಧನ ಸಿಗುವ ಯೋಜನೆ ಇದೆ. ಕಾಲೇಜು ಅಧ್ಯಾಪಕರು ಇದನ್ನು ಗಮನಿಸಬೇಕು. ಇಲ್ಲಿ ಶುರು ಮಾಡಿದ ಸಣ್ಣ ಕೆಲಸವೇ ಮುಂದೆ ಹೊರದೇಶದ ಜೊತೆಗಾರರಿಗೆ ತೋರಿಸಲು ಕೈಯಲ್ಲಿರುವ ದಾಖಲೆ.

ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಬಿಎಸ್ಸಿ ಓದ್ತಿರುವವರಿಗೆ ನನ್ನ ಸಲಹೆ ಬೇರೆ. ಮೊದಲ ಮೆಟ್ಟಿಲು ಪ್ಯಾರಿಸ್ ಅಲ್ಲ, ಬೆಂಗಳೂರು. ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಬೇಸಿಗೆ ಕಾರ್ಯಕ್ರಮ, ಇವೆರಡಕ್ಕೂ ಸಣ್ಣ ಕಾಲೇಜಿನವರು ಅರ್ಜಿ ಹಾಕಬಹುದು, ಭತ್ಯೆಯೂ ಸಿಗುತ್ತೆ. ಎರಡು ತಿಂಗಳು ಪ್ರಯೋಗಾಲಯದಲ್ಲಿ ದುಡಿದು ಒಬ್ಬ ವಿಜ್ಞಾನಿಯ ಶಿಫಾರಸು ಪತ್ರ ಸಿಕ್ಕಿತು ಅಂದ್ರೆ ಮುಂದಿನ ಬಾಗಿಲು ತೆಗೆಯೋದು ಅದೇ. ನಾನು ಎಂಜಿನಿಯರಿಂಗ್ ಓದಿದ ಕಾಲೇಜಿನ ಹೆಸರು ಬೇಡ; ಅಲ್ಲಿ ಇಂಥದ್ದೊಂದು ಸುತ್ತೋಲೆ ನೋಟಿಸ್ ಬೋರ್ಡಿಗೆ ಬಂದಿದ್ದು ಕೊನೆಯ ದಿನಾಂಕ ಕಳೆದು ಹನ್ನೊಂದು ದಿನಕ್ಕೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ನೋಟಿಸು ಮಾತ್ರ ಯಾವತ್ತೂ ತಡ ಆಗ್ಲಿಲ್ಲ.

ದುಡ್ಡಿನ ಆಚೆಯ ಕಾಗದ

ಹಣ ಮಂಜೂರಾದರೆ ಮುಗೀಲಿಲ್ಲ. ಬೀಜ, ಸಸ್ಯ, ಸೂಕ್ಷ್ಮಜೀವಿ ಹೊರದೇಶಕ್ಕೆ ಹೋಗಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ವಿದೇಶಿ ಸಂಶೋಧಕರು ನಮ್ಮ ಜೈವಿಕ ಸಂಪನ್ಮೂಲ ಬಳಸಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಸರ್ಕಾರದ ಮಾರ್ಗಸೂಚಿಯೊಳಗೆ ಅನುಮೋದನೆಯಾದ ಜಂಟಿ ಯೋಜನೆಗಳಿಗೆ ವಿನಾಯಿತಿ ಇದೆ. ಹೊರಗಿನ ಬೀಜ ಒಳಗೆ ಬರಲು ಆಮದು ಪರವಾನಗಿ, ಸಸ್ಯ ಕ್ವಾರಂಟೈನ್. ಈ ಕಾಯ್ದೆ ಅಡ್ಡಗೋಡೆ ಅಂತ ಕೆಲವರು ಗೊಣಗುವುದುಂಟು. ನಾನು ಒಪ್ಪಲ್ಲ. ಕಿರುಗಾವಲಿನ ಭತ್ತಕ್ಕೆ ನಾಳೆ ಯಾರೋ ಪೇಟೆಂಟ್ ಹಾಕಿಕೊಂಡರೆ ಕೇಳುವ ಹಕ್ಕು ಇದರಿಂದಲೇ. ತೊಂದರೆ ಇರೋದು ಕಾಗದ ಓಡಾಡುವ ವೇಗದಲ್ಲಿ, ಮತ್ತೆ ಆ ಕಾಗದ ತುಂಬಿಸಿಕೊಡುವ ಒಬ್ಬ ಮನುಷ್ಯ ಸಣ್ಣ ಸಂಸ್ಥೆಗಳಲ್ಲಿ ಇಲ್ಲದಿರೋದರಲ್ಲಿ. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೇ ಒಂದು ಕಚೇರಿ ಇರುತ್ತೆ. ಸರ್ಕಾರಿ ಕಾಲೇಜಿನ ಅಧ್ಯಾಪಕರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಯ ಕಡತವನ್ನೂ ತಾವೇ ಹಿಂಬಾಲಿಸಬೇಕು, ಪಾಠವನ್ನೂ ಮಾಡಬೇಕು.

ಹಾಗಾಗಿ ಮಂಡ್ಯದ ಮಟ್ಟಿಗೆ ಈ ಪ್ರಶ್ನೆ ಸುತ್ತಿ ಸುತ್ತಿ ಸಂಸ್ಥೆಯ ಹತ್ತಿರವೇ ಬಂದು ನಿಲ್ಲುತ್ತೆ. 2019ರಲ್ಲಿ ಶುರುವಾದ ಮಂಡ್ಯ ವಿಶ್ವವಿದ್ಯಾಲಯ, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದು ಅಂದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿತ್ತು. ಕಾರಣ ಹಣ, ಜಾಗ, ಸಿಬ್ಬಂದಿ ಇಲ್ಲ. ಇನ್ನೊಂದು ಕಡೆ ವಿ.ಸಿ. ಫಾರ್ಮಿನಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಮಾಡಲು ಅದೇ ಸರ್ಕಾರ ಹೊರಟಿದೆ. ಒಂದೇ ಊರಲ್ಲಿ ಒಂದು ಬಾಗಿಲು ಮುಚ್ಚುವ ಮಾತು, ಒಂದು ತೆರೆಯುವ ಮಾತು. ತೆರೆಯುವುದಾದರೆ ಕಟ್ಟಡದ ಟೆಂಡರ್ ಜೊತೆಗೇ ಕೇಳಬೇಕಾದ ಮೂರು ಸಣ್ಣ ವಿಷಯ ಇವೆ. ಅರ್ಜಿ, ಆಮದು ಪರವಾನಗಿ, ವೀಸಾ ಪತ್ರ ನೋಡಿಕೊಳ್ಳುವ ಇಬ್ಬರು ಸಿಬ್ಬಂದಿ. ವಿದ್ಯಾರ್ಥಿ ಟಿಕೆಟ್ ತಗೊಳ್ಳಲು ಮುಂಗಡ ಕೊಟ್ಟು, ದೆಹಲಿಯ ಹಣ ಬಂದಾಗ ಮುರಿದುಕೊಳ್ಳುವ ಒಂದು ಆವರ್ತ ನಿಧಿ. ಮೂರನೆಯದಾಗಿ, ಹೊಸ ವಿಶ್ವವಿದ್ಯಾಲಯದ ಹೆಸರಲ್ಲಿ ಸಂಶೋಧನೆಯ ಗದ್ದೆಯನ್ನು ಹಾಸ್ಟೆಲ್ಲು, ಆಡಳಿತ ಭವನಕ್ಕೆ ಕತ್ತರಿಸದೆ ಬಿಡುವುದು. ಕೆಎಂಆರ್-3 ಹುಟ್ಟಿದ್ದು ಆ ಗದ್ದೆಯಲ್ಲಿ.